ಕೆಂಗಾಲವ್ವನ ಅಳತೆ

ಚಳಿಗಾಲದಲ್ಲಿ ಕೆರೆ ಇಳಿಯತೊಡಗಿದಾಗ ಅದರ ಅಂಚಿನಿಂದ ಒಂದು ವಾಸನೆ ಏಳುತ್ತದೆ. ಹಸಿ ಕೆಸರು, ಒಣಗುತ್ತಿರುವ ಪಾಚಿ, ಬಸವನಹುಳದ ಚಿಪ್ಪು, ಮೇಲೆ ಎಲ್ಲಿಂದಲೋ ತೇಲಿ ಬಂದ ಕಬ್ಬಿನ ತರಗಿನ ಹೊಗೆ, ಎಲ್ಲ ಕಲೆತದ್ದು. ಕೆರೆ ಇದ್ದ ಊರಲ್ಲಿ ಬೆಳೆದವರಾದರೆ ನಿಮಗೂ ಅದು ಗೊತ್ತು, ನಿಮ್ಮ ಕೆರೆ ಈಗ ಬಸ್‌ಸ್ಟ್ಯಾಂಡ್ ಆಗಿದ್ದರೂ ಗೊತ್ತು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಚಳಿಗಾಲದ ಭಾನುವಾರಗಳಲ್ಲಿ ಆತಗೂರಿನ ಕಡೆಯಿಂದ ಮಳವಳ್ಳಿಯ ಕಡೆವರೆಗೆ ಕೆರೆ ಕೆರೆ ಸುತ್ತಿ ಹಕ್ಕಿ ಎಣಿಸುತ್ತೇನೆ. ಜೊತೆಗೆ ಬರುವ ಗೆಳತಿಯರಿಗೆ ನನ್ನ ಮೇಲೆ ಒಂದೇ ದೂರು: ಹಕ್ಕಿ ಎದ್ದು ನಾಲ್ಕು ಹೆಜ್ಜೆ ಹಾಕುವವರೆಗೆ ನಾನು ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಬಿಸಿಲೇರಲಿ, ತಂದ ಇಡ್ಲಿ ಹಳಸಲಿ, ನಾನು ಕಾಯುವವಳೇ. ಹಟಮಾರಿ ಎನ್ನುತ್ತಾರೆ. ಹೌದು, ಹಟಮಾರಿಯೇ. ಅದು ಸುಮ್ಮನೆ ಬಂದ ಹಟವಲ್ಲ.

ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನ ತಾತ ಮಾದಯ್ಯ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ. ನಮ್ಮ ಮನೆತನಕ್ಕೆ ತಲೆತಲಾಂತರದಿಂದ ಬಂದ ಆಸ್ತಿಯೆಂದರೆ ಅದೊಂದೇ. ಏರಿಯ ಬುಡಕ್ಕೇ ಆತುಕೊಂಡಂತೆ ನಮ್ಮ ಮನೆ. ಹಿಂದಿನ ಗೋಡೆ ವರ್ಷವೆಲ್ಲ ಜಿನುಗುತ್ತಿತ್ತು, ಚಳಿಗಾಲದಲ್ಲಿ ಚಾಪೆಯ ಕೆಳಗೆ ಕೈಯಿಟ್ಟರೆ ನೆಲ ತಣ್ಣಗೆ ಕಚ್ಚುತ್ತಿತ್ತು. "ಕೆರೆ ಕಾಯೋನ ಮನೇಲಿ ಒಣಗಿರಾದು ಅಂದ್ರೆ ನನ್ನ ಗಂಟ್ಲು ಒಂದೇಯ" ಎಂದು ಅಜ್ಜಿ ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ತಾತ ಕಿವಿ ಕೇಳಿಸದವನಂತೆ ಕಂಬಳಿ ಹೊದ್ದು ಏರಿ ಹತ್ತುತ್ತಿದ್ದ, ನಾನು ಅವನ ಹಿಂದೆ. ಚಳಿಗೆ ಬರುತ್ತಿದ್ದ ಹಕ್ಕಿಗಳೇ ಅವನ ಅಳತೆಗೋಲು. ಕುಂಡೆಕುಸ್ಕ ಬಾಲ ಕುಣಿಸುತ್ತ ಓಡಾಡಿದರೆ ಅಲ್ಲಿ ನೀರೇ ಇಲ್ಲ. ಗೊರವ ನಿಂತಿದ್ದರೆ ಎರಡು ಬೆರಳು. ಹೆಬ್ಬಾತು ತೇಲುತ್ತಿದ್ದರೆ ಅಲ್ಲಿಗೆ ಇಳಿಯಬಾರದು. ಎಲ್ಲರಿಗಿಂತ ಅವನು ನಂಬುತ್ತಿದ್ದದ್ದು ಮೆಟ್ಟುಗಾಲು ಹಕ್ಕಿಯನ್ನು, ಕಪ್ಪು ರೆಕ್ಕೆ, ಬಿಳಿ ಹೊಟ್ಟೆ, ಗೇಣುದ್ದದ ಕೆಂಪು ಕಡ್ಡಿಕಾಲಿನದು. ಅದಕ್ಕೆ ಅವನು ಇಟ್ಟ ಹೆಸರು ಕೆಂಗಾಲವ್ವ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಂಗಾಲವ್ವನ ಕೆಂಪು ಕಾಲು ಕಂಡರೆ ಕೆರೆಯಲ್ಲಿ ಇನ್ನು ಒಂದೇ ಸುತ್ತಿನ ನೀರು. ಅದನ್ನು ಕೊನೆಯ ಗದ್ದೆಗಳಿಗೆ ಎತ್ತಿಡಬೇಕು. ಕಾಲು ಕಾಣದೆ ಹೊಟ್ಟೆ ನೀರಿಗೆ ತಾಗಿದ್ದರೆ ಎರಡು ಸುತ್ತಿಗೆ ಸಾಕು. ಮೇಲಿನ ಗದ್ದೆಗಳಿಗೂ ಬಿಡಬಹುದು. ಲೆಕ್ಕ ಇಷ್ಟೇ. ಊರಿನವರು ನಗುತ್ತಿದ್ದರು, ಆದರೆ ಅವನು ಹೇಳಿದಂತೆಯೇ ನಡೆಯುತ್ತಿದ್ದರು.

ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲದಲ್ಲಿ ತಾತನಿಗೆ ಚಳಿಜ್ವರ ಹಿಡಿಯಿತು. ಭತ್ತದ ಕಾಳಿನಲ್ಲಿ ಹಾಲು ತುಂಬುತ್ತಿತ್ತು, ಕೊನೆಯ ನೀರು ಬೇಕಾದ ಹೊತ್ತು. ಎರಡು ಕಂಬಳಿಯೊಳಗೆ ನಡುಗುತ್ತ ಅವನು ನನ್ನನ್ನು ಕರೆದ. "ಓಗಿ ಕೆಂಗಾಲವ್ವ ಎಲ್ಲಿಗಂಟ ಮುಳುಗವ್ಳೆ ನೋಡ್ಕಂಡ್ ಬಾ ಮಗ. ಬಿರ್ರನೆ ಬರ್ಬ್ಯಾಡ, ನಿಂತು ನೋಡು." ಕೆರೆಯ ಮೇಲೆ ಮಂಜು ಕೂತಿತ್ತು. ಕಾಲಿಗೆ ಚಪ್ಪಲಿಯಿಲ್ಲ, ಇಬ್ಬನಿಯ ಹುಲ್ಲು ಪಾದ ಕೊರೆಯುತ್ತಿತ್ತು. ಒಗೆಯುವ ಕಲ್ಲಿನ ಪಕ್ಕ ಮೂರು ಕೆಂಗಾಲವ್ವಗಳು ಕಂಡವು, ಕಾಲು ಒಂದಿಷ್ಟೂ ಕಾಣದೆ, ಬಿಳಿ ಹೊಟ್ಟೆ ನೀರಿಗೆ ತಾಗಿದಂತೆ. ನೋಡಿದೆ, ತಿರುಗಿದೆ, ಓಡಿದೆ. ಮನೆಯಲ್ಲಿ ಒಲೆಯಿತ್ತು, ಅದರೊಳಗೆ ನನಗೆಂದು ಅಜ್ಜಿ ಹೂತಿಟ್ಟ ಗೆಣಸಿತ್ತು. "ಹೊಟ್ಟೆಗಂಟ ನೀರದೆ ತಾತ" ಎಂದೆ. ಅವನು ಕಣ್ಣು ಬಿಟ್ಟು ಕೇಳಿದ: "ನಿಂತು ನೋಡ್ದಾ?" ನಾನು "ಊಂ" ಎಂದೆ. ನನ್ನ ಬದುಕಿನಲ್ಲಿ ಆಡಿದ ಸುಳ್ಳುಗಳಲ್ಲಿ ಅದಕ್ಕಿಂತ ಚಿಕ್ಕದು ಇಲ್ಲ. ತಾತ ಮಲಗಿದಲ್ಲಿಂದಲೇ ಹೇಳಿ ಕಳಿಸಿದ, ಮೇಲಿನ ಗದ್ದೆಗಳಿಗೆ ನೀರು ಹರಿಯಿತು.

ಮೂರನೆಯ ಬೆಳಿಗ್ಗೆ ನಾನು ಸುಮ್ಮನೆ ಏರಿಯ ಮೇಲೆ ಹೋದೆ. ಅವತ್ತು ಮಂಜಿರಲಿಲ್ಲ. ಕೆಂಗಾಲವ್ವಗಳು ಇದ್ದವು, ಕೆಸರಿನ ಮೇಲೆ, ಅದೇ ರೀತಿ ಕಾಲಿಲ್ಲದಂತೆ. ನಾನು ನೋಡುತ್ತಿದ್ದ ಹಾಗೇ ಒಂದು ಹಕ್ಕಿ ಸಾವಕಾಶವಾಗಿ ಎದ್ದು ನಿಂತಿತು. ಮಡಿಸಿಟ್ಟಿದ್ದ ಕಾಲು ಬಿಚ್ಚುತ್ತ ಬಿಚ್ಚುತ್ತ ಉದ್ದವಾಯಿತು, ಪೂರಾ ಕೆಂಪಗೆ. ಅವು ಮುಳುಗಿರಲಿಲ್ಲ, ಕೂತಿದ್ದವು. ಆ ಮಂಜಿನ ಬೆಳಿಗ್ಗೆಯೂ ಕೂತೇ ಇದ್ದವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ನನ್ನಂಥ ಮೊಮ್ಮಗಳನ್ನು ಸಾಕಿದ್ದಿರಬೇಕು.

ಮೇಲಿನ ಗದ್ದೆಗಳು ಕುಡಿದ ಮೇಲೆ ಕೆರೆಯಲ್ಲಿ ಉಳಿದ ನೀರು ತೂಬಿಗೆ ಏರಲಿಲ್ಲ. ಕೊನೆಯ ಗದ್ದೆ ಸಣ್ಣಮ್ಮನವರದು. ಗಂಡ ತೀರಿಕೊಂಡು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಉಳುಮೆ ಮಾಡಿಸುತ್ತಿದ್ದವರು. ಅವರ ಭತ್ತವೆಲ್ಲ ಜೊಳ್ಳಾಯಿತು. ತೂಬಿನ ಹತ್ತಿರ ಊರು ಸೇರಿತು. ಸಣ್ಣಮ್ಮ ಒಂದು ಹಿಡಿ ತೆನೆ ತಂದು ತಾತನ ಮುಂದೆ ಉಜ್ಜಿ ಊದಿದರು. ಕೈಯಲ್ಲಿ ಏನೂ ಉಳಿಯಲಿಲ್ಲ. "ಮಾದ, ಕೊಕ್ಕರೆ ಕೇಳ್ಕಂಡು ನೀರು ಬುಡ್ತೀಯಲ್ಲ, ನನ್ ಮಕ್ಳಿಗೆ ಉಣ್ಣಾಕೂ ಆ ಕೊಕ್ಕರೇನೆ ಇಕ್ತದಾ? ಕುರುಡನ ಕೈಗೆ ಕೆರೆ ಕೊಟ್ಟಂಗಾಯ್ತು." ತಾತ ಜ್ವರದಲ್ಲಿ ಇಳಿದುಹೋಗಿದ್ದ. ತಲೆಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನ್ ಕಣ್ಣು ತಪ್ತು ಕಣವ್ವ" ಎಂದ. ನಾನು ಅಜ್ಜಿಯ ಸೆರಗು ಹಿಡಿದು ಹಿಂದೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅಲ್ಲೇ ಅವನಿಂದ ತೂಬಿನ ಕೆಲಸ ಬಿಡಿಸಿ ಬೇರೆಯವರಿಗೆ ಕೊಟ್ಟರು.

ಕೆಲಸ ಹೋದ ಮೇಲೆ ತಾತ ಕೆರೆಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆವು. ಮರುದಿನ ಬೆಳಿಗ್ಗೆಯೇ ಕಂಬಳಿ ಹೊದ್ದು ನನ್ನನ್ನು ಎಬ್ಬಿಸಿದ. ತೂಬಿಲ್ಲ, ಸುತ್ತಿಲ್ಲ, ಕೇಳುವವರಿಲ್ಲ; ಬರೀ ನೋಡುವುದಕ್ಕೆ. ಏರಿಯ ಮೇಲೆ ನಿಲ್ಲಿಸಿ, ಕೂತಿದ್ದ ಹಕ್ಕಿಯನ್ನು ತೋರಿಸಿ ಹೇಳಿದ: "ಕಾಲು ಕಾಣ್ದಿದ್ರೆ ಎದ್ದೇಳೋಗಂಟ ಕಾಯ್ಬೇಕು ಮಗ. ಕೂತಿರಾವೂ ಮುಳುಗಿರಾವೂ ದೂರಕ್ಕೆ ಒಂದೇ ತರ ಕಾಣ್ತವೆ." ಅಷ್ಟೇ. ಅವನಿಗೆ ಗೊತ್ತಿತ್ತು. ಊರ ಮುಂದೆ ತಲೆಬಟ್ಟೆ ತೆಗೆದಾಗಲೇ ಗೊತ್ತಿತ್ತು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ, ಸಾಯುವವರೆಗೂ ಮತ್ತೆ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅವನ ನಂತರ ಅಜ್ಜಿ ಹೋದಳು, ಅವ್ವ ಹೋದಳು, ಏರಿ ಅಗಲ ಮಾಡಿ ರಸ್ತೆ ಹಾಕುವಾಗ ಆ ಜಿನುಗುವ ಗೋಡೆಯೂ ಹೋಯಿತು. ಈಗ ಬೈಕುಗಳು ಓಡಾಡುವುದು ನಮ್ಮ ಅಡುಗೆಮನೆಯ ಮೇಲೆ. ಅದನ್ನು ನೋಡಿದರೆ ಈಗಲೂ ನನಗೆ ಅಳು ಬರುತ್ತದೆ, ಯಾಕೆ ಮುಚ್ಚಿಡಲಿ.

ಈ ಚಳಿಗಾಲದಲ್ಲಿ ಊರ ಕೆರೆಯ ಎಣಿಕೆ ಮುಗಿಸಿ ವಾಪಸಾಗುವಾಗ, ಸಣ್ಣಮ್ಮ ಇನ್ನೂ ಇದ್ದಾರೆ ಎಂದು ಯಾರೋ ಹೇಳಿದರು. ಇಷ್ಟು ವರ್ಷ ಹಕ್ಕಿಗೆ ಕಾದವಳು ಈ ಒಂದು ಮಾತಿಗೆ ಅವರನ್ನು ಇನ್ನೆಷ್ಟು ಕಾಯಿಸಲಿ ಎನ್ನಿಸಿತು. ಅವತ್ತು ಹೇಳಿಯೇ ಹೋಗುವುದೆಂದು ನಿರ್ಧರಿಸಿದೆ. ಚಿಕ್ಕಂದಿನಲ್ಲಿ ಅವರ ಜಗಲಿಯ ಕೆಳಗೇ ನಿಲ್ಲುತ್ತಿದ್ದೆ. ಈಗ ಹತ್ತಿ ಪಕ್ಕದಲ್ಲಿ ಕೂತೆ. ಯಾರ ಮೊಮ್ಮಗಳೆಂದು ಹೇಳಿ, ಎಲ್ಲವನ್ನೂ ಹೇಳಿದೆ, ಆ "ಊಂ" ಸಹಿತ. ಅವರು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿಟ್ಟರು.

"ಆ ವರ್ಸ ನನ್ ಮಕ್ಳು ನನ್ ತವರುಮನೆ ರಾಗಿ ತಿಂದ್ವು."

"ಗೊತ್ತು ಅವ್ವ."

"ಆ ಮುದ್ಕನ್ನ ನಾನು ಏನೇನಂದೆ, ಅದೂ ಗೊತ್ತಾ?"

"ಅಲ್ಲೇ ನಿಂತಿದ್ದೆ."

"ನಿಂತಿದ್ದೂ ಬಾಯ್ ಬುಡ್ನಿಲ್ಲ."

"ಇಲ್ಲ."

ಕ್ಷಮಿಸುತ್ತಾರೆ ಎಂದೋ ಬೈಯುತ್ತಾರೆ ಎಂದೋ ಕಾದೆ. ಎರಡೂ ಮಾಡಲಿಲ್ಲ. ಕೋಲಿಗೆ ಕೈ ಹಾಕಿದರು. "ಎದ್ದೇಳು. ಊರ್ ಮುಂದೆ ಅಂದ ಮಾತ ಜಗಲಿ ಮ್ಯಾಲೆ ಕೂತ್ಕಂಡು ವಾಪಸ್ ತಗಳಾಕಾಯ್ತದಾ?" ಎಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ. ತೂಬಿನವರೆಗೆ ಅವರು ನಡೆದು ಬಹಳ ದಿನವಾಗಿತ್ತಂತೆ. ನಾಲ್ಕು ಕಡೆ ಕೂತೆವು. ತೂಬಿನ ಹತ್ತಿರ ಊರೇನೂ ಇರಲಿಲ್ಲ. ಒಬ್ಬ ಯುವಕ ಬಂಡೂರು ಕುರಿಗಳನ್ನು ಬಿಟ್ಟುಕೊಂಡು ಮೊಬೈಲು ನೋಡುತ್ತಿದ್ದ. ಸಣ್ಣಮ್ಮ ಅವನ ಮುಂದೆಯೇ, ಇಡೀ ಊರು ನಿಂತಿದೆಯೋ ಎಂಬಂತೆ ದನಿಯೆತ್ತಿ ಹೇಳಿದರು: "ಕೇಳಪ್ಪಾ, ನೀರುಗಂಟಿ ಮಾದಯ್ಯನ ಕಣ್ಣು ತಪ್ಪಿರ್ನಿಲ್ಲ. ನಾನು ಸುಮ್ಸುಮ್ನೆ ಬೋದಿದ್ದೆ."

ಅವನು ಮೊಬೈಲು ಇಳಿಸಿ ನಮ್ಮಿಬ್ಬರನ್ನೂ ನೋಡಿದ. "ಯಾವ ಮಾದಯ್ಯ ಅಜ್ಜಿ? ನಮ್ಮೂರಲ್ಲಿ ಅಂಗಂತ ಯಾರೂ ಇಲ್ವಲ್ಲ."

ಸಣ್ಣಮ್ಮ ನನ್ನ ಮುಖ ನೋಡಿದರು. ಆ ಹೆಸರು ಹೇಳಿದರೆ ಹೌದು ಎನ್ನುವವರು ಕೆರೆಯ ಈ ದಂಡೆಯಿಂದ ಆ ದಂಡೆಯವರೆಗೆ ನಾವಿಬ್ಬರೇ ಉಳಿದಿದ್ದೆವು. ನಾನು ಆ ಹುಡುಗನ ಪಕ್ಕದಲ್ಲಿ ತೂಬಿನ ಕಲ್ಲಿನ ಮೇಲೆ ಕೂತೆ, ಮೊದಲಿನಿಂದ ಹೇಳತೊಡಗಿದೆ.