ಪತ್ತೇದಾರನ ಹ್ಯಾಟು ಕಳಚಿದ ನಲ್ಲಪ್ಪ

ಶಿಡ್ಲಘಟ್ಟದ ಅಂಚಿನ ಕಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಪ್ಪತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಬಟ್ಟೆ ನೆಲದ ಮೇಲೆ ಹಾಸಿದೆ. ಬಿದಿರುಕೋಲಿನ ತುದಿಗೆ ಕುಂಚ ಕಟ್ಟಿಕೊಂಡು, ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತ ಬಣ್ಣ ಬಳಿಯುತ್ತಿರುವವರು ನಾಟಕದ ಪರದೆ ಬರೆಯುವ ನಲ್ಲಪ್ಪ. ಬಿಸಿಲೇರಿದರೆ ಅಂಟು ಬೆರೆಸಿದ ಬಣ್ಣ ಕುಂಚದಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಇವರ ದಿನ ಕೋಳಿ ಕೂಗುವ ಮೊದಲೇ ಶುರು.

"ಒಂದ್ನಿಮಿಷ ಮಾತಾಡಿಸ್ಬೇಡಿ ಸ್ವಾಮಿ. ಬೂದಿ ಬಣ್ಣ ಮಧ್ಯೆ ನಿಲ್ಸಿದ್ರೆ ಗೆರೆ ಬೀಳ್ತದೆ."

ಒಂಬತ್ತರ ಬಸ್ಸಿನ ಮೇಲೆ ಈ ಪರದೆ ಚಿಂತಾಮಣಿಗೆ ಹೋಗಬೇಕು. ಮಧ್ಯಾಹ್ನ ಮೂರಕ್ಕೆ ಅಲ್ಲಿನ ಟೆಂಟ್ ಸಿನಿಮಾದ ಡೇರೆಯಲ್ಲಿ ಪತ್ತೇದಾರಿ ನಾಟಕ. ಇಂದು ಜನ ಮೆಚ್ಚದಿದ್ದರೆ ನಲ್ಲಪ್ಪನ ಪತ್ತೇದಾರನ ಕಥೆ ಮುಗಿಯಿತು.

ಇವರ ತಂದೆ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದವರು. ನಾಟಕ ಬಂದಾಗ ಕೇರಿಯ ಹುಡುಗರಿಗೆ ಮುಂದೆ ಕೂರಲು ಜಾಗವಿರಲಿಲ್ಲ. "ಪರದೆ ಹಿಂದ್ಗಡೆಯಿಂದ ನೋಡ್ತಿದ್ದೆ. ದರ್ಬಾರಿನ ಕಂಬಗಳೆಲ್ಲ ನನಗೆ ಮಸುಕು ಮಸುಕು. ಬಟ್ಟೆ ಬಣ್ಣನ ಎಲ್ಲಿ ಕುಡಿದಿದೆ, ಎಲ್ಲಿ ಕುಡಿದಿಲ್ಲ ಅನ್ನೋದೆಲ್ಲ ಅಲ್ಲೇ ಕಲ್ತಿದ್ದು" ಎಂದು ನಗುತ್ತಾರೆ. ನಗುವ ಮಾತಲ್ಲ ಅದು, ಆದರೂ ನಗುತ್ತಾರೆ. 1948ರಿಂದ ಈ ಹದಿನಾರು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಪರದೆ ಬರೆದಿದ್ದಾರೆ. ಒಂದಕ್ಕೆ ಒಂಬತ್ತು ದಿನ, ಹೆಂಡತಿ ಲಕ್ಷ್ಮಿದೇವಮ್ಮ ಬಟ್ಟೆ ಜೋಡಿಸಿ ಹೊಲಿಯಲು ಇನ್ನೆರಡು ದಿನ. ಯಾವ ಕರಪತ್ರದಲ್ಲೂ ಇವರ ಹೆಸರಿಲ್ಲ.

ನಾಟಕ ಕಟ್ಟಿದವರು ಮೇಷ್ಟ್ರು ವೆಂಕಟೇಶ್. ಯಾವುದೋ ಪರದೇಶದ ಕಥೆಯನ್ನು ಶಿಡ್ಲಘಟ್ಟಕ್ಕೆ ತಂದು, ಕಳುವಾದ ವಜ್ರವನ್ನು ರೇಷ್ಮೆ ನೂಲು ಮಾಡಿದರು. ಊರು ಬದಲಾಯಿತು, ಪತ್ತೇದಾರ ಮಾತ್ರ ಬದಲಾಗಲಿಲ್ಲ. ಹ್ಯಾಟು, ಮೊಣಕಾಲಿಗಿಳಿದ ಕೋಟು, ಬಾಯಲ್ಲಿ ಪೈಪು. ಆ ವೇಷವೂ ವೆಂಕಟೇಶರದೇ. ಗೌರಿಬಿದನೂರಿನ ಮೊದಲ ಆಟದಲ್ಲಿ ಅವರು ರಂಗಕ್ಕೆ ಬಂದದ್ದೇ ತಡ, "ದೊರೆ ಇನ್ನೂ ಸೀಮೆಗೆ ಹೋಗಿಲ್ವೇನ್ರೋ!" ಎಂದು ಯಾರೋ ಕೂಗಿದರು. ಆಮೇಲೆ ಕೊಲೆ ನಡೆದರೂ ಜನಕ್ಕೆ ನಗುವೇ.

ತಂಡದ ಯಜಮಾನ ಚೆನ್ನರಾಯಪ್ಪ ಗೂಡು ಬೇಯಿಸಿ ರೇಷ್ಮೆ ಎಳೆ ತೆಗೆಯುವ ನೂಲು ಬಿಚ್ಚಾಣಿಕೆಯವರು. ಮರಳಿ ಪೌರಾಣಿಕಕ್ಕೇ ಹೋಗೋಣ ಎಂದರು. ಎಂದೂ ಬಾಯಿ ಬಿಡದ ನಲ್ಲಪ್ಪ ಅಂದು ಬಾಯಿಬಿಟ್ಟರು: ಒಂದು ಆಟ ನನಗೆ ಬಿಡಿ.

ಹ್ಯಾಟು ಹೋಯಿತು. ಪಂಚೆ, ಕರಿ ಕೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲು ಬಂದವು. ರೇಷ್ಮೆಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳು ನೋಡುತ್ತಾರಲ್ಲ, ಪತ್ತೇದಾರನೂ ಸಿಕ್ಕಿದ್ದನ್ನೆಲ್ಲ ಹಾಗೇ ಅಲ್ಲಾಡಿಸಿ ನೋಡಬೇಕು ಎಂದರು. ಝಗಮಗಿಸುವ ದಿವಾನಖಾನೆಯ ಪರದೆ ಸುತ್ತಿಟ್ಟು, ಬೂದಿ ಬಣ್ಣದ ಬಿಚ್ಚಾಣಿಕೆ ಬೀದಿ ಬರೆದರು. ಆರು ಮನೆ, ಆರು ಹೊಗೆ ಕೊಳವೆ.

ಸೈಕಲ್ಲಿನಲ್ಲಿ ಬಂದಿಳಿದ ಚೆನ್ನರಾಯಪ್ಪ ಪರದೆ ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ನಾಲ್ಕನೇ ಮನೆಗೆ ಹೊಗೇನೇ ಇಲ್ವಲ್ಲೋ ನಲ್ಲಪ್ಪ! ಮರೆತ್ಯಾ?"

"ಮರೆತಿಲ್ಲ ಯಜಮಾನ್ರೇ. ಅದು ಕಳ್ಳನ ಮನೆ. ಬೆಳಗಿಂದ ಒಲೆ ಬಿಟ್ಟು ಎದ್ದಿಲ್ಲ, ನೂಲು ಬಿಚ್ತಿದ್ದೆ ಅಂತಾನಲ್ಲ, ಒಲೆ ಉರೀದೆ ಗೂಡು ಬೇಯ್ತದಾ?"

"ಅಷ್ಟು ದೂರದಿಂದ ಯಾರಪ್ಪ ನೋಡ್ತಾರೆ? ಹೊಗೆ ಹಾಕಿಬಿಡು."

"ಇದೊಂದ್ಸಲ ಇರ್ಲಿ ಬುದ್ಧಿ. ಯಾರೂ ನೋಡ್ಲಿಲ್ಲ ಅಂದ್ರೆ ನಾಳೆಯಿಂದ ದರ್ಬಾರೇ ಬರ್ಕೊಂಡಿರ್ತೀನಿ."

ಲಕ್ಷ್ಮಿದೇವಮ್ಮ ಪಕ್ಕದಿಂದ, "ಹದಿನಾರು ವರ್ಷಕ್ಕೆ ಒಂದ್ಸಲ ಎದುರು ಮಾತಾಡವ್ರೆ, ಬಿಡಿ ಸ್ವಾಮಿ" ಎನ್ನುತ್ತಾರೆ. ಯಜಮಾನರು ಬಿಡುತ್ತಾರೆ.

ಮೂರು ಗಂಟೆ. ಡೇರೆಯಲ್ಲಿ ಎಳ್ಳು ಹಾಕಲು ಜಾಗವಿಲ್ಲ. ನಲ್ಲಪ್ಪ ರಂಗದ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದಾರೆ. ಪಂಚೆಯುಟ್ಟ ಪತ್ತೇದಾರ ಬಂದು ಬೆಂಕಿಪೊಟ್ಟಣ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಯಾರೂ ನಗುವುದಿಲ್ಲ. "ನಮ್ಮೋನೇ ಕಣ್ರೋ, ಕೇಳಿಸ್ಕೊಳ್ಳಿ" ಎಂಬ ಪಿಸುಮಾತು.

ಕಳ್ಳ ನಾಲ್ಕನೇ ಮನೆಯ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾನೆ: "ಬೆಳಗಿಂದ ಒಲೆ ಬಿಟ್ಟು ಎದ್ದಿಲ್ಲ ಸ್ವಾಮಿ!"

ಪತ್ತೇದಾರ ಇನ್ನೂ ಬಾಯಿ ತೆರೆದಿಲ್ಲ. ಹೆಂಗಸರ ಸಾಲಿನಿಂದ ಒಂದು ಮುದುಕಿ ಎದ್ದು ನಿಲ್ಲುತ್ತಾಳೆ. ನಲವತ್ತು ವರ್ಷ ಬಿಸಿನೀರಿನಲ್ಲಿ ಎಳೆ ಹುಡುಕಿ ಬೆರಳು ಬೆಳ್ಳಗಾದ ಪೆದ್ದಮ್ಮ. "ಅಬದ್ಧ ಹೇಳ್ಬೇಡ ಕಣೋ! ನಿನ್ನ ಮನೆ ಹೊಗೆ ಎಲ್ಲೈತೋ?"

ಡೇರೆ ಹೋ ಎಂದು ಏಳುತ್ತದೆ. "ನಾಲ್ಕನೇ ಮನೆ! ನಾಲ್ಕನೇ ಮನೆ!" ಕಳ್ಳನ ವೇಷದವನು ಗಾಬರಿಯಲ್ಲಿ ಮಾತು ಮರೆಯುತ್ತಾನೆ. ವೆಂಕಟೇಶ್ ಜಾಣರು, ತಮ್ಮ ಅರ್ಧ ಪುಟದ ಮಾತು ನುಂಗಿ ಪೆದ್ದಮ್ಮನಿಗೆ ಕೈಮುಗಿಯುತ್ತಾರೆ. ಚಪ್ಪಾಳೆ ನಿಲ್ಲುವ ಮೊದಲೇ ಚೆನ್ನರಾಯಪ್ಪ ನಲ್ಲಪ್ಪನ ತೋಳು ಹಿಡಿದು ರಂಗದ ಮಧ್ಯಕ್ಕೆ ಎಳೆದು ತರುತ್ತಾರೆ, ಹೆಸರು ಹಿಡಿದು ಕೂಗುತ್ತಾರೆ. ಇಂಥ ಗೆಲುವು ಕಣ್ಣಾರೆ ಕಾಣುವುದು ಭಾಗ್ಯವೇ ಸರಿ.

ಆಟ ಮುಗಿದ ಮೇಲೆ ಗೌರಿಬಿದನೂರಿನಿಂದ ಬಂದಿದ್ದ ಕೋನಪ್ಪ ಎನ್ನುವವರು ಹುಡುಕಿಕೊಂಡು ಬರುತ್ತಾರೆ. ಅಂದು ನಕ್ಕವರಲ್ಲಿ ತಾವೂ ಒಬ್ಬರೆಂದು ಒಪ್ಪಿಕೊಂಡು, ಬರುವ ತಿಂಗಳು ಇದೇ ಪರದೆ ತರಬೇಕೆಂದು ಕೇಳುತ್ತಾರೆ. ನಲ್ಲಪ್ಪ ಒಲ್ಲೆನೆಂದು ತಲೆಯಾಡಿಸುತ್ತಾರೆ.

"ಇದು ನಮ್ಮ ಬಿಚ್ಚಾಣಿಕೆ ಬೀದಿ, ನಿಮ್ಮೂರಿಗೆ ಆಗಲ್ಲಪ್ಪ, ಬೇರೇದೇ ಬರೀಬೇಕು. ಮೊದ್ಲು ನಾನು ಬಂದು ನಿಮ್ಮ ಪೇಟೆಲಿ ನಾಲ್ಕು ದಿನ ಕೂತ್ಕೊಂಡು ನೋಡ್ತೀನಿ. ಒಂದು ಬಾಗಿಲು ತಪ್ಪಾಗಿ ಬರೆದ್ರೂ ನಿಮ್ಮೂರೋರು ಕಳ್ಳನ್ನ ಬಿಟ್ಟು ನನ್ನೇ ಹಿಡೀತಾರೆ!"