ಡೆಮೋ ಕಾರಿಗೆ ನಿಂಬೆಹಣ್ಣು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೊಗಳಿದ ಕಾರನ್ನು ಯಾವತ್ತೂ ಕೊಂಡವನಲ್ಲ, ಕೊಂಡ ಕಾರನ್ನು ಯಾವತ್ತೂ ಹೊಗಳಿದವನಲ್ಲ. ಲಂಡನ್ನಿನ ಹ್ಯಾರೋದ ನಮ್ಮ ಮನೆಯ ಮುಂದೆ ಹನ್ನೊಂದು ವರ್ಷ ನಿಂತಿದ್ದದ್ದು ಬೂದು ಬಣ್ಣದ ಒಂದು ಸಣ್ಣ ಜಪಾನಿ ಕಾರು. ಅದು ಕೆಡುತ್ತಿರಲಿಲ್ಲ, ಆದ್ದರಿಂದ ಅದರ ಬಗ್ಗೆ ಮಾತಾಡಲು ಏನೂ ಇರಲಿಲ್ಲ. ಮಾತಾಡುವುದಕ್ಕೆ ನನಗೆ ಬೇರೆಯವರ ಕಾರುಗಳು ಬೇಕು. ಸಸ್ಪೆನ್ಷನ್ ಕುರಿತು ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಬಲ್ಲೆ. ಟೈರು ಪಂಕ್ಚರಾದರೆ ಮಾತ್ರ ಯಾರಿಗಾದರೂ ಫೋನು ಮಾಡಿ ಪಕ್ಕಕ್ಕೆ ನಿಲ್ಲುತ್ತೇನೆ.

ಇಷ್ಟು ವಿದ್ವತ್ತಿಗೆ ಒಂದು ಸಭೆ ಬೇಡವೇ? ನಮ್ಮ ಸಭೆ ಸೇರುವುದು ಶನಿವಾರ ಮಧ್ಯಾಹ್ನ, ಒಂದು ಚರ್ಚ್ ಹಾಲಿನ ಕಾರ್ ಪಾರ್ಕಿನಲ್ಲಿ. ಒಳಗೆ ಮಕ್ಕಳಿಗೆ ಕನ್ನಡ ತರಗತಿ. ಅವರು ಒಂದೂವರೆ ಗಂಟೆ ಕಾಗುಣಿತ ತಿದ್ದಿ, ಹೊರಗೆ ಬಂದು, ಅದು ಬೋರಿಂಗ್ ಆಗಿತ್ತೆಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅಷ್ಟು ಹೊತ್ತು ಹೊರಗೆ ನಿಂತ ಅಪ್ಪಂದಿರು ಜಗತ್ತಿನ ಮೋಟಾರು ಉದ್ಯಮವನ್ನು ದಾರಿಗೆ ತರುತ್ತೇವೆ. ಧಾರವಾಡದ ಬಸವರಾಜ ಹಲ್ಲಿನ ಡಾಕ್ಟರು. ಬಾಗಿಲು ತೆರೆದ ಯಾವ ಕಾರನ್ನು ಕಂಡರೂ ಬಗ್ಗಿ ಒಳಗೆ ನೋಡಿ, ಏನೋ ಹಾಳಾಗಿದೆ ಎಂದು ತಲೆಯಾಡಿಸುವುದು ಅವನ ಅಭ್ಯಾಸ. ಬೆಂಗಳೂರಿನ ಕಿರಣ್ ಸಾಫ್ಟ್‌ವೇರಿನವನು. ಅವನ ಫೋನಿನಲ್ಲಿ ಎಲ್ಲ ಕಾರುಗಳ ಜಾತಕವಿದೆ. ಮೈಸೂರಿನ ನಾನು ಅಧ್ಯಕ್ಷ. ಯಾರೂ ಆರಿಸಿದ್ದಲ್ಲ, ಧ್ವನಿ ದೊಡ್ಡದಿರುವುದರಿಂದ ಆ ಸ್ಥಾನ ತಾನಾಗಿ ಬಂತು.

ನಾಲ್ಕನೆಯವನು ನೆವಿಲ್. ಮೂಡುಬಿದಿರೆ ಕಡೆಯವನು, ಮನೆಮಾತು ಕೊಂಕಣಿ; ಊರಿನಲ್ಲಿರುವ ಅಜ್ಜಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯಲಿ ಎಂದು ಮಗಳನ್ನು ಫೆಲ್ಥಮ್‌ನಿಂದ ಇಲ್ಲಿಯವರೆಗೆ ಕರೆತರುತ್ತಾನೆ. ಏರ್‌ಪೋರ್ಟಿನಲ್ಲಿ ಹತ್ತು ವರ್ಷ ಜನರ ಸೂಟ್‌ಕೇಸು ಎತ್ತಿಹಾಕಿ ಬೆನ್ನು ನೋಯಿಸಿಕೊಂಡವನು, ಹೆಂಡತಿ ಬೇಡವೆಂದರೂ ಆ ಕೆಲಸ ಬಿಟ್ಟು ಸೌತ್‌ಹಾಲ್ ಆಚೆಯ ಒಂದು ಶೋರೂಮಿನಲ್ಲಿ ಕಾರು ಮಾರಲು ಸೇರಿದ್ದ. ನಮ್ಮಲ್ಲಿ ಕಾರಿನಿಂದ ಹೊಟ್ಟೆ ಹೊರೆಯುವವನು ಅವನೊಬ್ಬನೇ. ಸಭೆಯಲ್ಲಿ ಬಾಯಿ ಬಿಡದವನೂ ಅವನೊಬ್ಬನೇ. ಫ್ಲಾಸ್ಕಿನಿಂದ ಎಲ್ಲರಿಗೂ ಶುಂಠಿ ಚಹಾ ಬಗ್ಗಿಸಿಕೊಟ್ಟು, ನಗುತ್ತ ಕೇಳಿಸಿಕೊಳ್ಳುತ್ತಿದ್ದ.

ಅವನು ಮಾರುತ್ತಿದ್ದ ಕಂಪನಿಯ ಹೆಸರು ಹೇಳುವುದಿಲ್ಲ, ಅದಕ್ಕೆ ಇರುವ ಕಷ್ಟವೇ ಸಾಕು. ಒಂದು ಕಾಲದಲ್ಲಿ ಈ ದೇಶದ ಮಂತ್ರಿಗಳು ಅದರಲ್ಲಿ ಕೂತು ಓಡಾಡುತ್ತಿದ್ದರಂತೆ. ಈಗ ಕಾರ್ಖಾನೆಯಿಲ್ಲ, ಮಾಲೀಕರು ನಾಲ್ಕು ಸಲ ಬದಲಾಗಿದ್ದಾರೆ, ಕಾರು ಹಡಗಿನಲ್ಲಿ ಪೂರ್ವ ದೇಶದಿಂದ ಬಂದಿಳಿಯುತ್ತದೆ. ಹಾಗೆ ಈ ಸೆಪ್ಟೆಂಬರಿನಲ್ಲಿ ಬಂದಿಳಿದದ್ದು ಒಂದು ಹೊಸ ಸೆಡಾನ್. ಎಲ್ಲರೂ ಎತ್ತರದ ಕಾರುಗಳನ್ನೇ ಕೊಳ್ಳುತ್ತಿರುವ ಊರಿಗೆ ಉದ್ದನೆಯ ಕಾರನ್ನು ಕಳಿಸುವುದು ಹುಂಬತನವೋ ಧೈರ್ಯವೋ ಎಂಬುದೇ ನಮ್ಮ ಮೊದಲ ಶನಿವಾರದ ವಿಷಯ.

"ಹೆಸರ ಹಳೇದು, ಮಾಡಿದ ಮಂದಿ ಹೊಸಬರು. ಇಂಥಾದನ್ನ ಹ್ಯಾಂಗ ನಂಬೂದ್ರಿ?" ಎಂದ ಬಸವರಾಜ.

"ಗುರು, ಕಂಪನಿ ಮುಚ್ಕೊಂಡ್ರೆ ಪಾರ್ಟ್ಸ್ ಎಲ್ಲಿಂದ ತರ್ತೀಯ? ರೀಸೇಲ್ ಅಂತೂ ಕೇಳ್ಲೇಬೇಡ," ಎಂದ ಕಿರಣ್.

ನಾನು ಕಾರಿನ ಪರ ನಿಂತೆ. ಕಾರಣವಿಷ್ಟೇ, ಅವರಿಬ್ಬರೂ ವಿರುದ್ಧವಿದ್ದರು. ನಮ್ಮ ಬಾಲ್ಯದಲ್ಲಿ ಇಂಪೋರ್ಟೆಡ್ ಎಂಬುದು ಎಷ್ಟು ಗೌರವದ ಮಾತಾಗಿತ್ತು, ನೆನಪಿಸಿಕೊಳ್ಳಿ ಎಂದೆ. ನಮ್ಮ ಬೀದಿಯಲ್ಲೊಬ್ಬರು ಮಸ್ಕತ್‌ನಿಂದ ತಂದ ಟಾರ್ಚನ್ನು ನೋಡಲು ನಾವು ಹಗಲು ಹೊತ್ತಿನಲ್ಲಿ ಸಾಲುಗಟ್ಟಿ ನಿಂತಿದ್ದೆವು. ಅದೇ ಮಾತು ಲಂಡನ್ನಿಗೆ ಬರುವಷ್ಟರಲ್ಲಿ ಬೈಗುಳವಾಯಿತೇ? ಅಷ್ಟಕ್ಕೂ ಸೆಡಾನ್ ಎಂದರೇನು? ಇದೇ ಊರಿನ ಬೀದಿಗಳಲ್ಲಿ ಹಿಂದೆ ಇಬ್ಬರು ಆಳುಗಳು ಹೊರುತ್ತಿದ್ದ ಮುಚ್ಚಿದ ಪಲ್ಲಕ್ಕಿಗೆ ಆ ಹೆಸರಿತ್ತು. ಹೊರುವವರು ಎಲ್ಲಿಯವರೆಂದು ಒಳಗೆ ಕೂತ ದೊಡ್ಡಮನುಷ್ಯ ಕೇಳುತ್ತಿದ್ದನೇ? ಹೊರಗಿನಿಂದ ಬಂದು ಈ ಊರಿನಲ್ಲಿ ಬೇರೂರಿದ ಇಬ್ಬರು ಗಂಡಸರು, ಹೊರಗಿನಿಂದ ಬಂದ ಕಾರು ಇಲ್ಲಿ ತಾಳಿಕೆ ಬರುತ್ತದೆಯೇ ಎಂದು ಅನುಮಾನಪಡುವುದು ಚೆನ್ನಾಗಿದೆಯೇ? ಈ ಕೊನೆಯ ಮಾತಿಗೆ ನೆವಿಲ್ ಚಹಾ ಸುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನನ್ನ ಭಾಷಣ ಅವನಿಗೆ ಹಿಡಿಸಿತೆಂದು ನಾನು ಇನ್ನಷ್ಟು ಉಬ್ಬಿದೆ.

ಎರಡನೆಯ ಶನಿವಾರ ಅವನು ನನ್ನನ್ನು ಪಕ್ಕಕ್ಕೆ ಕರೆದ. "ಸರ್, ನಿಮ್ಮತ್ರ ಹೇಳ್ಬಹುದು. ಅಕ್ಟೋಬರ್ ಮುಗಿಯುವುದ್ರೊಳಗೆ ಈ ಗಾಡಿ ಹೋಗ್ಲಿಲ್ಲ ಅಂದ್ರೆ ನಮ್ಮ ಶೋರೂಮಿನವರು ಈ ಕಂಪನಿಯನ್ನೇ ಬಿಡ್ತಾರೆ. ನಾನು ಪುನಃ ಏರ್‌ಪೋರ್ಟಿಗೆ. ಈ ಬೆನ್ನು ಇಟ್ಕೊಂಡು ಎಂತ ಮಾಡುವುದು ಹೇಳಿ."

ನನಗೆ ನಿಜಕ್ಕೂ ಕಸಿವಿಸಿಯಾಯಿತು. ಕಸಿವಿಸಿಯಾದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ. ಅವನಿಗೆ ಉಪಕಾರವಾಗಲೆಂದು ಸಭೆಗೆ ಮರಳಿ, ಮಾತು ಸಾಕು, ಎಲ್ಲರೂ ಹೋಗಿ ಓಡಿಸಿ ನೋಡೋಣ ಎಂದು ಠರಾವು ಮಂಡಿಸಿದೆ.

ಟೆಸ್ಟ್ ಡ್ರೈವ್ ಎಂಬುದನ್ನು ನಮ್ಮವರು ಹೇಗೆ ಮಾಡುತ್ತಾರೆಂದು ಈ ದೇಶದ ಶೋರೂಮುಗಳಿಗೆ ಇನ್ನೂ ಅರ್ಥವಾಗಿಲ್ಲ. ಅವರ ಲೆಕ್ಕದಲ್ಲಿ ಅದು ಕೊಳ್ಳುವ ಹಿಂದಿನ ದಿನದ ಕೆಲಸ. ನಮಗೆ ಅದು ಸಕುಟುಂಬ ವಿಹಾರ. ಕಿರಣ್ ಅತ್ತೆಮಾವಂದಿರನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಿಬಂದ. ಬಸವರಾಜ ಡಿಕ್ಕಿಯ ಪರೀಕ್ಷೆಯೆಂದು ಸೌತ್‌ಹಾಲ್‌ನ ಅಂಗಡಿಗೆ ಹೋಗಿ ಜೋಳದ ಹಿಟ್ಟಿನ ಚೀಲಗಳನ್ನು ತುಂಬಿಸಿಕೊಂಡು, ಮನೆಗೆ ಇಳಿಸಿ, ಡಿಕ್ಕಿ ಪರವಾಗಿಲ್ಲ ಎಂದು ಪ್ರಮಾಣಪತ್ರ ಕೊಟ್ಟ. ಸುದ್ದಿ ಹಬ್ಬಿ ನಮಗೆ ಪರಿಚಯವಿಲ್ಲದ ಕನ್ನಡಿಗರೂ ಹೋದರು. ಪಕ್ಕದ ಸೀಟಿನಲ್ಲಿ ಕೂತ ನೆವಿಲ್ ಒಬ್ಬೊಬ್ಬರ ಹೆಸರನ್ನೂ ಆಸಕ್ತ ಗ್ರಾಹಕರ ಪಟ್ಟಿಯಲ್ಲಿ ಬರೆದುಕೊಂಡು ಮ್ಯಾನೇಜರಿಗೆ ಒಪ್ಪಿಸುತ್ತಿದ್ದ. ಪಟ್ಟಿ ಬೆಳೆಯಿತು, ಕಾರು ಒಂದೂ ಹೋಗಲಿಲ್ಲ. ಇಷ್ಟು ಜನ ಬಂದರೂ ಒಬ್ಬರಿಗೂ ಮಾರಲಾರದವನು ನೀನು ಎಂದು ಮ್ಯಾನೇಜರು ಅವನನ್ನೇ ಅನುಮಾನಿಸತೊಡಗಿದರಂತೆ. ನಾವು ಮಾಡಿದ ಉಪಕಾರ ಇದು.

ನಾಲ್ಕನೆಯ ಶನಿವಾರ ನೆವಿಲ್ ಡೆಮೋ ಕಾರಿನ ಕೀಲಿಯನ್ನೇ ನನ್ನ ಕೈಗಿಟ್ಟ. "ನೀವು ಇಷ್ಟು ಚಂದ ಮಾತಾಡ್ತೀರಿ ಸರ್. ಒಂದು ದಿನ ಮನೆಯಲ್ಲೇ ಇಟ್ಕೊಳ್ಳಿ. ನಾಳೆ ಚರ್ಚ್ ಮುಗಿಸಿ ಬಂದು ತಗೊಂಡು ಹೋಗ್ತೇನೆ."

ಕಡುನೀಲಿ ಬಣ್ಣದ ಆ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದೆ. ಆ ತಿಂಗಳು ನಮ್ಮತ್ತೆ ಮೈಸೂರಿನಿಂದ ಬಂದಿದ್ದರು. ಕಿಟಕಿಯಿಂದ ನೋಡಿದರು, ಏನೂ ಕೇಳಲಿಲ್ಲ. ಅಳಿಯನನ್ನು ನೇರವಾಗಿ ಏನನ್ನೂ ಕೇಳುವ ಪದ್ಧತಿ ಅವರದ್ದಲ್ಲ. ಇದು ಒಂದು ದಿನದ ಕಾರೆಂದು ನನ್ನ ಹೆಂಡತಿ ಶೈಲಜಾ ಹೇಳಿರುತ್ತಾಳೆಂದು ನಾನು, ನಾನು ಹೇಳಿರುತ್ತೇನೆಂದು ಅವಳು.

ಭಾನುವಾರ ಬೆಳಿಗ್ಗೆ ಹಾಲು, ಕರಿಬೇವು ತರಲು ನಡೆದೇ ಹೋದೆ. ದಾರಿಯಲ್ಲಿ ಕಿರಣ್ ಫೋನು ಮಾಡಿದ್ದರಿಂದ, ಆ ಸೆಡಾನಿನ ಹಿಂದಿನ ಸೀಟಿನ ಬಗ್ಗೆ ವಾದಿಸುತ್ತ ಒಂದು ಗಂಟೆ ಕಳೆದುಬಿಟ್ಟೆ. ತಿರುಗಿ ಬಂದಾಗ ಬೀದಿಯಲ್ಲಿ ಊದುಬತ್ತಿಯ ವಾಸನೆ. ಕಾರಿನ ಬಾನೆಟ್ಟಿಗೆ ಅರಿಶಿನ ಕುಂಕುಮ, ಕನ್ನಡಿಗಳಿಗೆ ಚೆಂಡುಹೂವಿನ ಹಾರ. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಅಮ್ಮನ ಮಾತಿಗೆ ಸಿಕ್ಕಿ ಶೈಲಜಾಳೇ ಕಾರನ್ನು ಎರಡಡಿ ಮುಂದಕ್ಕೆ ಓಡಿಸಿದ್ದಳು. ಎಲ್ಲ ಮುಗಿದ ಮೇಲೆ ಅಮ್ಮನಿಗೆ ನಿಜ ಹೇಳಿದಳಂತೆ. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಅಮ್ಮ ಮಂಗಳಾರತಿ ತಟ್ಟೆ ಹಿಡ್ಕೊಂಡು ನಿಂತಾಗ ಹೇಗ್ರೀ ಹೇಳೋದು?" ಎಂದಳು.

ಅದೇ ಹೊತ್ತಿಗೆ ನೆವಿಲ್ ಬಂದ. ಗೇಟಿನ ಬಳಿ ನಿಂತುಬಿಟ್ಟ. ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ಹಾರ, ಆ ನಿಂಬೆಹಣ್ಣು ಏನು ಹೇಳುತ್ತವೆಂದು ಯಾರೂ ವಿವರಿಸಬೇಕಿರಲಿಲ್ಲ. ಇಷ್ಟು ದಿನ ಅವನ ಮುಖದಲ್ಲಿ ನಾನು ಕಂಡ ನಗು ವ್ಯಾಪಾರದ್ದು, ಇದು ಬೇರೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. "ಎಂತ ಸರ್ ಇದು, ಒಂದು ಮಾತು ಹೇಳ್ಲೇ ಇಲ್ಲ ಅಲ್ವಾ? ನಿನ್ನೆ ಮನೆಯಲ್ಲಿ ಏರ್‌ಪೋರ್ಟಿನ ಯೂನಿಫಾರ್ಮ್ ತೆಗ್ದು ಇಸ್ತ್ರಿ ಮಾಡಿ ಇಟ್ಟಾಗಿತ್ತು," ಎಂದ. ಒಂದು ದಿನದ ಕಾರೆಂದು ತಿಳಿದ ಮೇಲೂ ಅತ್ತೆ ಒಳಗಿನಿಂದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ತಂದರು. ಕಾರು ಕೊಟ್ಟವರನ್ನು ಬರಿಗೈಲಿ ಕಳಿಸಬಾರದಂತೆ. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ.

ನಾಲ್ಕು ವಾರ ಎಲ್ಲ ಪ್ರಶ್ನೆಗಳಿಗೂ ನನ್ನಲ್ಲಿ ಉತ್ತರವಿತ್ತು. ಈಗ ಹೇಳಬೇಕಾದದ್ದು ಒಂದೇ ಒಂದು ವಾಕ್ಯ; ಕೈಯಲ್ಲಿದ್ದ ಹಾಲು, ಕರಿಬೇವನ್ನು ಮೆಟ್ಟಿಲ ಮೇಲಿಟ್ಟು ಹೇಳಿದೆ. "ನೆವಿಲ್, ನಾನು ತಗೊಂಡಿಲ್ಲ. ಪೂಜೆ ಮಾಡುವಾಗ ಅತ್ತೆಗೆ ಗೊತ್ತಿರಲಿಲ್ಲ."

ಅವನು ತಟ್ಟೆಯನ್ನು ನೋಡಿದ, ಕಾರನ್ನು ನೋಡಿದ. "ತೊಂದರೆ ಇಲ್ಲ ಸರ್," ಎಂದು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, "ಒಂದು ಬಕೆಟ್ ನೀರು ಸಿಗ್ಬಹುದಾ? ನಾಳೆ ಮ್ಯಾನೇಜರ್ ನೋಡಿದ್ರೆ ಕಷ್ಟ," ಎಂದ. ಅವನು ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

"ಪೂಜೆ ಆದ್ಮೇಲೆ ಕುಂಕುಮ ತೊಳೀತಾರಾ?" ಎಂದರು ಅತ್ತೆ. ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿ ಕೇಳಿದರು: "ಯಾಕೆ, ಕಾರು ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ಮತ್ತೆ?"

"ಕಂಪನಿ ಮುಚ್ಚಿಹೋಗಬಹುದು ಅತ್ತೆ."

"ಮುಚ್ಚಿದ್ರೆ ಕಾರು ಓಡಲ್ವಾ?"

ಇಲ್ಲಿ ನೆವಿಲ್ ಬಾಯಿ ಹಾಕಿದ. ಮಾರಲು ಬಂದವನು ನನ್ನ ಪರವಾಗಿಯೇ ಸಾಕ್ಷಿ ನುಡಿದ. "ಅಮ್ಮ, ಅವರು ಹೇಳುವುದು ಸರಿ ಉಂಟು. ಕಂಪನಿ ಉಳೀತದೆ ಅಂತ ನಾನು ಮಾತು ಕೊಡ್ಲಿಕ್ಕೆ ಆಗುವುದಿಲ್ಲ. ಗಾಡಿ ಒಳ್ಳೇದು, ಅಷ್ಟು ಹೇಳ್ಬಹುದು."

ನಾಲ್ಕು ವಾರಗಳ ಚರ್ಚೆಯಲ್ಲಿ ಯಾರೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸತ್ಯ ಹೇಳಿರಲಿಲ್ಲ. ನಾನು ಆ ಕಾರಿನ ಪರ ಆಡಿದ್ದೆಲ್ಲ, ಕೊಳ್ಳುವುದಿಲ್ಲವೆಂಬ ಧೈರ್ಯದ ಮೇಲೆ ಆಡಿದ್ದು. ಇವನು ಅದರ ವಿರುದ್ಧ ಆಡಿದ್ದು ತನ್ನ ಅನ್ನವನ್ನು ಪಣಕ್ಕಿಟ್ಟು. ನನಗೆ ನನ್ನ ಮೇಲೆ ನಾಚಿಕೆಯಾಯಿತು. ಶೈಲಜಾಳ ಮುಖ ನೋಡಿದೆ. ಅವಳು ಬೂದು ಕಾರಿನ ಕಡೆ ಒಮ್ಮೆ ನೋಡಿ, ಸಾಕಾಗಿದೆ ಎಂಬಂತೆ ಭುಜ ಹಾರಿಸಿದಳು. ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು, "ಸೋ ಈಸ್ ಇಟ್ ಅವರ್ಸ್ ಆರ್ ನಾಟ್, ಡ್ಯಾಡ್?"

"ನಮ್ಮದೇ," ಎಂದೆ.

ಇದೇ ನೀಲಿಯ ಹೊಸ ಕಾರನ್ನು ತರಿಸಿಕೊಡುತ್ತೇನೆ, ಹಡಗು ಬರಲು ಆರು ವಾರ ಎಂದ ನೆವಿಲ್. ಅತ್ತೆ ಒಪ್ಪಲಿಲ್ಲ. ಪೂಜೆಯಾಗಿರುವುದು ಈ ಕಾರಿಗೆ. ಕೊನೆಗೆ ಆ ಡೆಮೋ ಕಾರನ್ನೇ ಕೊಂಡೆವು. ವಾಯವ್ಯ ಲಂಡನ್ನಿನ ಅರ್ಧ ಕನ್ನಡಿಗರು ಆಗಲೇ ಕೂತೆದ್ದ ಕಾರು.

ಮುಂದಿನ ಶನಿವಾರ ಅದರಲ್ಲಿ ಬಂದು ಇಳಿದಾಗ ಸಭೆ ನನ್ನ ಭಾಷಣಕ್ಕೆ ಕಾದಿತ್ತು. ಆಶ್ಚರ್ಯವೆಂದರೆ ನನ್ನಲ್ಲಿ ಹೇಳಲು ಏನೂ ಇರಲಿಲ್ಲ. ನನ್ನ ಕಾರಿನ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿತ್ತು, ನನಗೊಬ್ಬನಿಗೆ ಇರಲಿಲ್ಲ. ಬಸವರಾಜ ಬಾನೆಟ್ ಎತ್ತಿಸಿದ, ಬಾಗಿಲು ಹಾಕಿ ಶಬ್ದ ಕೇಳಿದ, ಹೇಗಿದೆ ಎಂದು ಮೂರು ಸಲ ಕೇಳಿದ. ಮೂರು ಸಲವೂ ಚೆನ್ನಾಗಿದೆ ಎಂದೆ, ಅಷ್ಟೇ. "ಏನೋ ಛಲೋದನ್ನ ಮುಚ್ಚಿಡಾಕತ್ತೀರಿ ನೀವು," ಎಂದು ನನ್ನನ್ನು ಅನುಮಾನದಿಂದ ನೋಡುತ್ತ ಹೋದ. ಎರಡು ವಾರ ಹೀಗೇ ನಡೆಯಿತು. ಅಕ್ಟೋಬರಿನ ಕೊನೆಯ ಶನಿವಾರ ಅವನೂ ಒಂದು ಸೆಡಾನ್ ತಂದು ನನ್ನದರ ಪಕ್ಕ ನಿಲ್ಲಿಸಿದ, ಶೋರೂಮಿನಲ್ಲೇ ನಿಂತಿದ್ದ ಬಿಳಿಯದು. ಶೋರೂಮಿನವರು ಕಂಪನಿಯನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರಂತೆ.

ನಾಲ್ಕು ವಾರ ಬಾಯಿ ನೋಯುವವರೆಗೆ ಹೊಗಳಿ ಒಂದು ಕಾರನ್ನೂ ಮಾರಿಸಲಾಗದವನು, ಬಾಯಿ ಮುಚ್ಚಿಕೊಂಡಿದ್ದು ಒಂದನ್ನು ಮಾರಿಸಿದ್ದೆ. ಈ ಸಂಗತಿಯ ಬಗ್ಗೆ ಸಭೆಗೆ ನಾಲ್ಕು ಮಾತು ಹೇಳಲೇಬೇಕೆಂದು ಗಂಟಲು ಸರಿಮಾಡಿಕೊಂಡೆ. ಕಿರಣ್ ಆಗಲೇ ಬಿಳಿ ಕಾರಿನ ಸುತ್ತ ಎರಡನೆಯ ಪ್ರದಕ್ಷಿಣೆ ಹಾಕುತ್ತಿದ್ದ. ನೆವಿಲ್ ಚಹಾದ ಕಪ್ಪನ್ನು ನನ್ನ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದ:

"ಸರ್, ಇನ್ನೊಂದೆರಡು ವಾರ ಹೀಗೇ ಸುಮ್ಮನೆ ಇರಿ ಮಾರಾಯ್ರೆ."