ಒಲೆಯ ಮೇಲಿನ ರೆಡ್ ವೈನ್

ವೈನ್ ಕಂಪನಿಯ ಈ ಕೆಲಸದಲ್ಲಿ ನನ್ನ ಪಿತ್ತ ನೆತ್ತಿಗೇರಿಸುವವರೆಂದರೆ ರೂಲ್ಸನ್ನು ಬಾಯಿಪಾಠ ಮಾಡಿಕೊಂಡವರು. ಚೆನ್ನೈನ ಪೋರೂರಿನ ಒಂದು ದೊಡ್ಡ ಹೋಟೆಲಿನಿಂದ ಮ್ಯಾನೇಜರ್ ಶೆಟ್ಟರ ಫೋನು ಬಂತು: "ನಿಮ್ಮ ರೆಡ್ ವೈನ್ ಕಷಾಯದ ಹಾಗಿದೆ ಅಂತ ಗೆಸ್ಟುಗಳು ಬೈತಿದ್ದಾರೆ." ಮೇ ತಿಂಗಳ ಮಟಮಟ ಮಧ್ಯಾಹ್ನ ಓಡಿದೆ. ನೋಡಿದರೆ ಬಾಟಲಿಗಳೆಲ್ಲ ಅಡುಗೆಮನೆಯಲ್ಲಿ, ಸಾಂಬಾರು ಕುದಿಯುವ ಒಲೆಯ ಮೇಲಿನ ಶೆಲ್ಫಿನಲ್ಲಿ! ಮುಟ್ಟಿದರೆ ಬಿಸಿ.

"ಶೆಟ್ರೇ, ಇದು ಅರ್ಜೆಂಟೀನಾದಲ್ಲಿ ಊಟಿಯಷ್ಟು ಎತ್ತರದ ಬೆಟ್ಟದಲ್ಲಿ ಬೆಳೆದ ದ್ರಾಕ್ಷಿ. ಬಳ್ಳಿ ಫ್ರಾನ್ಸಿನಿಂದ ಬಂದದ್ದು. ಹಗಲಿನ ಸುಡುಬಿಸಿಲಿಗೆ ಸಿಪ್ಪೆ ದಪ್ಪವಾಗಿ ಈ ಕಡುಬಣ್ಣ ಬರುತ್ತೆ, ರಾತ್ರಿಯ ಚಳಿಗೆ ಹುಳಿ ಹಾಗೇ ಉಳಿಯುತ್ತೆ. ಅಷ್ಟನ್ನೂ ನೀವು ಇಲ್ಲಿ ಬೇಯಿಸಿ ಹಾಕಿದ್ದೀರಲ್ಲ!"

"ರೆಡ್ ವೈನನ್ನು ರೂಮ್ ಟೆಂಪರೇಚರಲ್ಲಿ ಇಡ್ಬೇಕಂತ ಟ್ರೈನಿಂಗಲ್ಲೇ ಹೇಳಿದ್ದಾರಲ್ಲ ಮಾರಾಯ್ರೆ," ಅಂದರು ಶೆಟ್ಟರು.

"ಅದು ಚಳಿದೇಶದವರ ರೂಮು ಸ್ವಾಮಿ! ಚೆನ್ನೈನ ಅಡುಗೆಮನೆ ಅಲ್ಲ!"

ನನ್ನ ಕಿರುಚಾಟಕ್ಕೆ ಅಡುಗೆಯವರೆಲ್ಲ ಸೌಟು ನಿಲ್ಲಿಸಿ ನೋಡಿದರು. ಶೆಟ್ಟರು ನನ್ನನ್ನು ಸಮಾಧಾನ ಮಾಡಲು ಫಿಲ್ಟರ್ ಕಾಫಿ ತರಿಸಿದರು. ಸಿಟ್ಟಿನಲ್ಲಿ ನಾನು ಮುಟ್ಟಲಿಲ್ಲ. ಇನ್ನೂ ಅರ್ಧ ಗಂಟೆ ಜಗಳ ನಡೆಯಿತು. ಗಂಟಲೊಣಗಿ ಕೊನೆಗೆ ಲೋಟ ಎತ್ತಿದೆ ನೋಡಿ, ಶೆಟ್ಟರು ಹೌಹಾರಿ ಅದನ್ನು ಕೈಯಿಂದ ಕಿತ್ತುಕೊಂಡರು.

"ಅಯ್ಯಯ್ಯೋ, ಆರಿದ ಕಾಫಿ ಕುಡೀತಾರಾ? ರುಚಿಯೆಲ್ಲ ಸತ್ತುಹೋಗಿರುತ್ತೆ!"

ಅದನ್ನು ಸಿಂಕಿಗೆ ಚೆಲ್ಲಿ, ನೊರೆಯುಕ್ಕುವ ಹೊಸ ಕಾಫಿ ತರಿಸಿದರು. ಬಾಟಲಿಗಳು ಮಾತ್ರ ಒಲೆಯ ಮೇಲಿನ ಶೆಲ್ಫಿನಲ್ಲೇ ಇದ್ದವು. ಕಾಫಿ ಕೆಟ್ಟದ್ದು ತಿಳಿಯಲು ಆ ಮನುಷ್ಯನಿಗೆ ಯಾವ ಟ್ರೈನಿಂಗೂ ಬೇಕಾಗಿರಲಿಲ್ಲ.